ಒಪ್ಪಿಸುವ ದನಿ

"ಸರಿ ಮೇಡಂ, ಮಾಡ್ತೀನಿ" ಎಂದು ಹೇಳಿಬಿಟ್ಟ ಮೇಲೆಯೇ ತಾನು ಏನು ಹೇಳಿದೆ ಎನ್ನುವುದು ಅವನ ಕಿವಿಗೆ ಬಿದ್ದದ್ದು. ಅಷ್ಟರಲ್ಲಿ ನಗು ಹೊರಟಾಗಿತ್ತು. ಮೊದಲು ಹಿಂದಿನ ಬೆಂಚಿನಿಂದ ಕೆಮ್ಮಿನಂಥ ಒಂದು ಸದ್ದು, ಆಮೇಲೆ ಗೋಡೆ ಪಕ್ಕದ ಸಾಲು, ಆಮೇಲೆ ಇಡೀ ತರಗತಿ. ಅವನು ಕೂತಿದ್ದದ್ದು ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅಂದರೆ ಕಂಪನಿಯ ಕಿರಿಯ ಲೆಕ್ಕಿಗನ ಕುರ್ಚಿಯಲ್ಲಿ. ಎದುರಿಗೆ ಅವನದೇ ಮೇಜಿನ ಹಿಂದೆ, ಅವನದೇ ತಿರುಗುಕುರ್ಚಿಯಲ್ಲಿ, ಮೇಲಧಿಕಾರಿಯಾಗಿ ಕೂತವಳು ಒಬ್ಬ ವಿದ್ಯಾರ್ಥಿನಿ. ಆಟ ಕಟ್ಟಿದವನು ಅವನೇ. ಮುಂದಿನ ತಿಂಗಳ ಮಾರಾಟವನ್ನು ಈ ತಿಂಗಳ ಲೆಕ್ಕಕ್ಕೆ ಸೇರಿಸು ಎಂದು ಮೇಲಧಿಕಾರಿ ಹೇಳಬೇಕು, ಆಗುವುದಿಲ್ಲ ಎಂದು ಲೆಕ್ಕಿಗ ಹೇಳಬೇಕು. ಹೇಗೆ ಹೇಳಬೇಕು ಎಂಬುದನ್ನು ನಾನೇ ಮಾಡಿ ತೋರಿಸುತ್ತೇನೆ ಎಂದು ಅಂಗಿಯ ತೋಳು ಮಡಚಿಕೊಂಡು ಹುರುಪಿನಿಂದ ಹೋಗಿ ಕೂತಿದ್ದ. ಮೊದಲು ಮೇಲಧಿಕಾರಿಗಳಾಗಿ ಬಂದ ಇಬ್ಬರು ಹುಡುಗರು ಮೇಜು ಗುದ್ದಿದ್ದರು, ಕಣ್ಣು ಕೆಂಪಗೆ ಮಾಡಿದ್ದರು, "ಕೆಲಸ ಬೇಕೋ ಬೇಡ್ವೋ?" ಎಂದು ಗುಡುಗಿದ್ದರು. ಅವರಿಗೆ ಇಲ್ಲ ಅನ್ನುವುದು ನೀರು ಕುಡಿದಷ್ಟು ಸಲೀಸಾಗಿತ್ತು. ಮೂರನೆಯ ಸಲಕ್ಕೆ ಇನ್ನೂ ಸಲೀಸಾಗಲಿ ಎಂದು ಅವನು ಬೆರಳು ತೋರಿಸಿದ್ದು ಈ ಹುಡುಗಿಯನ್ನು. ಹಾಜರಿ ಕರೆದಾಗ "ಪ್ರೆಸೆಂಟ್" ಎಂದದ್ದು ಎರಡನೇ ಬೆಂಚಿಗೂ ಕೇಳಿಸದ, ಜೊತೆಯವರೆಲ್ಲ ಪಿಸುಮಾತು ಎಂದೇ ಕರೆಯುವ ಹುಡುಗಿಯನ್ನು.

ಪಿಸುಮಾತು ಮೇಜು ಗುದ್ದಲಿಲ್ಲ. ತಿರುಗುಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತು, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನ ಕಡೆ ನೂಕಿ, "ಕೂತ್ಕೊಳ್ಳಿ. ಊಟ ಆಯ್ತಾ?" ಎಂದಳು. ಆಗಿದೆ ಎಂದ. "ಮುಖ ನೋಡಿದ್ರೆ ಆದ ಹಾಗೆ ಕಾಣಲ್ಲ" ಎಂದಳು. ಅವನಿಗೆ ನಗು ಬಂತು, ನಿಜಕ್ಕೂ ಆಗಿರಲಿಲ್ಲ. "ನೀವು ಬಂದು ಕೇಳಿದ್ದು ಬಹಳ ಒಳ್ಳೇದಾಯ್ತು. ಕೇಳೋರೇ ಇಲ್ಲ ಈಗ, ಎಲ್ಲ ತಲೆ ಅಲ್ಲಾಡಿಸ್ಕೊಂಡು ಹೋಗ್ತಾರೆ. ನಿಮ್ಮಂಥವರು ಒಬ್ಬರು ಇದ್ದಾರಲ್ಲ ಅಂತ ನನಗೂ ಒಂದು ಧೈರ್ಯ. ಈಗ ನೋಡಿ, ಇದರಿಂದ ಯಾರಿಗೆ ಏನು ನಷ್ಟ? ನೀವೇ ಯೋಚನೆ ಮಾಡಿ. ನಿಮಗೆ ಕೆಟ್ಟದಾಗೋ ಮಾತು ನಾನು ಹೇಳ್ತೀನಾ? ಇದೊಂದು ಮುಗಿಸಿಬಿಡಿ, ಆಮೇಲೆ ನಿಧಾನವಾಗಿ ಕೂತು ಮಾತಾಡೋಣ." ಕೂತು ಮಾತಾಡೋಣ ಎನ್ನುವ ಹೊತ್ತಿಗೆ ಅವನ ಎದೆಯೊಳಗೆ ಏನೋ ಸಡಿಲವಾಗಿ, ಇಷ್ಟು ಒಳ್ಳೆಯವರ ಮುಂದೆ ತಾನು ವಿನಾಕಾರಣ ಹಟ ಹಿಡಿದು ಕೂತಿದ್ದೇನಲ್ಲ ಎಂಬ ನಾಚಿಕೆ ಮೂಡಿ, ಆ ನಾಚಿಕೆಯಿಂದ ಪಾರಾಗುವುದಕ್ಕೆಂದೇ ಬಾಯಿ ತಾನಾಗಿ ತೆರೆದು ಸರಿ ಮೇಡಂ ಎಂದಿತ್ತು.

ಅವನು ವಿದ್ಯಾರ್ಥಿಗಳ ಜೊತೆ ತಾನೂ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. ಆದರೆ ಕಾರಿಡಾರಿನಲ್ಲಿ ನಡೆಯುವಾಗ ಕೆನ್ನೆ ಇನ್ನೂ ಬಿಸಿಯಾಗಿತ್ತು, ಮತ್ತು ಆ ಬಿಸಿಯ ಅಡಿಯಲ್ಲಿ, ಮುರಿದ ಹಲ್ಲಿನ ಚೂಪಿಗೆ ನಾಲಿಗೆ ಮತ್ತೆಮತ್ತೆ ಹೋಗುವ ಹಾಗೆ, ಒಂದು ಕುತೂಹಲ. ಹೇಗೆ ಒಪ್ಪಿದೆ? ಎಲ್ಲಿ ಒಪ್ಪಿದೆ? ಊಟ ಆಯ್ತಾ ಎಂದಾಗಲೋ, ಧೈರ್ಯ ಎಂದಾಗಲೋ? ಭಾವಿ ಲೆಕ್ಕಿಗರಿಗೆ ನೀತಿಯ ನಿರ್ಧಾರ ಮಾಡುವುದನ್ನು ಕಲಿಸುವ ಪಾಠ ಅವನ ಪಾಲಿಗೆ ಬಂದದ್ದು ಬೇರೆ ಯಾರೂ ಒಲ್ಲೆ ಎಂದದ್ದರಿಂದ. "ನೀವು ಯಾರ ಜೊತೆಗೂ ಜಗಳ ಆಡೋರಲ್ಲ, ನಿಮಗೇ ಸರಿ" ಎಂದು ವಿಭಾಗದ ಮುಖ್ಯಸ್ಥೆ ಪುಸ್ತಕವನ್ನು ಅವನ ಕೈಗೆ ದಾಟಿಸಿದ್ದರು. ಪುಸ್ತಕದಲ್ಲಿ ಮೆಟ್ಟಿಲುಗಳಿದ್ದವು: ಸಂಗತಿ ತಿಳಿ, ಬಾಧಿತರು ಯಾರೆಂದು ನೋಡು, ದಾರಿಗಳನ್ನು ತೂಗು, ಹೀಗೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಆ ಮೆಟ್ಟಿಲುಗಳನ್ನು ದುಡುದುಡು ಹತ್ತಿ ಪೂರ್ತಿ ಅಂಕ ತೆಗೆದುಕೊಂಡು ಇಳಿಯುತ್ತಿದ್ದರು. ಎದುರಿಗಿದ್ದವರು ನೀರಿನ ಲೋಟ ನೂಕಿದರೆ ಏನು ಮಾಡಬೇಕೆಂದು ಯಾವ ಮೆಟ್ಟಿಲಲ್ಲೂ ಬರೆದಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲೇ ಮುಖ್ಯಸ್ಥೆ ಎದುರಾದರು. "ಏನ್ರೀ, ನೀತಿ ಮೇಷ್ಟ್ರು ಸುಳ್ಳು ಲೆಕ್ಕಕ್ಕೆ ಒಪ್ಪಿಬಿಟ್ರಂತೆ?" ಸುದ್ದಿ ಅವನಿಗಿಂತ ಬೇಗ ಮೆಟ್ಟಿಲಿಳಿದು ಬಂದಿತ್ತು.

ಸಂಜೆ ಹೆಂಡತಿಗೆ ಹೇಳಿದ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಂದವಳು ಸೋಫಾದ ಮೇಲೆ ಕಾಲು ಚಾಚಿ ರೆಪ್ಪೆ ಮುಚ್ಚಿಕೊಂಡೇ ಕೇಳಿಸಿಕೊಂಡಳು. ಅವನು ಹುಡುಗಿಯ ಮಾತುಗಳನ್ನು ಒಂದೊಂದಾಗಿ ಒಪ್ಪಿಸುತ್ತ ಹೋದಂತೆ ಅವಳ ತುಟಿ ಅರಳಿತು. "ಇದು ನಿಮ್ಮ ಮಾತೇ ಅಲ್ವಾ?" ಎಂದಳು.

"ನನ್ನದಾ?"

"ಮತ್ತೆ? ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನ ನೀವು ದನಿ ಏರಿಸಿಲ್ಲ. ಊಟ ಆಯ್ತಾ ಅಂತ ಕೇಳ್ತೀರಿ. ನಾನು ಊಟ ಮುಗಿಸೋ ಹೊತ್ತಿಗೆ ಒಪ್ಪಿಬಿಟ್ಟಿರ್ತೀನಿ. ಏನಕ್ಕೆ ಅಂತ ಆಮೇಲೆ ನೆನಪು ಮಾಡ್ಕೋಬೇಕು." ಅವಳು ನಗುನಗುತ್ತಲೇ ಹೇಳಿದ್ದು. ಆದರೆ ಅವನಿಗೆ ನಗು ಬರಲಿಲ್ಲ. ಮನೆಯ ಗೋಡೆಗಳಿಗೆ ಬಳಿದ ತಿಳಿಹಳದಿ ಯಾರು ಆರಿಸಿದ್ದು? ಮಗಳು ಈಜು ಬಿಟ್ಟದ್ದು ಅವಳಾಗಿಯೇ ಅಲ್ಲವೇ? ಹೌದು, ಅವಳಾಗಿಯೇ. ಅವನು ಪಕ್ಕದಲ್ಲಿ ಕೂತು ತಲೆ ಸವರಿದ್ದ, ಅಷ್ಟೇ. ಅವಳ ಕೂದಲಲ್ಲಿ ಆಗ ಕೊಳದ ಕ್ಲೋರಿನ್ ವಾಸನೆ ಇತ್ತು.

ಮರುದಿನ ತರಗತಿ ಮುಗಿದ ಮೇಲೆ ಪಿಸುಮಾತು ಚೀಲದ ಜಿಪ್ಪು ಎಳೆಯುತ್ತಿರುವಾಗ ಹತ್ತಿರ ಹೋದ. ಕೋಣೆ ಖಾಲಿಯಾಗುವವರೆಗೆ ಕಾದು, ಬೋರ್ಡು ಒರೆಸುವ ನೆಪ ಮಾಡಿ, "ನಿನ್ನೆ ಚೆನ್ನಾಗಿ ಮಾಡಿದೆ. ಹಾಗೆ ಮಾತಾಡೋಕೆ ಎಲ್ಲಿ ಕಲಿತೆ?" ಎಂದು ಕೇಳಿದ.

ಅವಳು ಜಿಪ್ಪು ಬಿಟ್ಟು ಅವನನ್ನು ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂದು ಅಳೆಯುವ ನೋಟ. "ನಿಮ್ಮ ಹತ್ರಾನೇ, ಸರ್."

"ಪಾಠದಲ್ಲಾ?"

"ಇಲ್ಲ ಸರ್. ನಿಮ್ಮ ಕೋಣೆಯಲ್ಲಿ. ಹೋದ ತಿಂಗಳು ಬಂದಿದ್ದೆನಲ್ಲ, ಗೋದಾಮಿನ ವಿಷಯಕ್ಕೆ."

ಅವನಿಗೆ ನೆನಪಾಗಲಿಲ್ಲ. ನೆನಪಾದ ಹಾಗೆ ತಲೆಯಾಡಿಸಿದ. ಅವಳಿಗೆ ಅದು ಗೊತ್ತಾಯಿತು. ಮೆಲ್ಲಗೆ, ಅವನಿಗೆ ನೋವಾಗದ ಹಾಗೆ ಎಂಬಂತೆ, ಮೊದಲಿಂದ ಹೇಳಿದಳು. ಕಾಲೇಜಿನ ಕಡೆಯಿಂದ ಅವಳು ವಾರಕ್ಕೆ ಮೂರು ದಿನ ಒಂದು ಲೆಕ್ಕಪರಿಶೋಧಕರ ಆಫೀಸಿಗೆ ತರಬೇತಿಗೆ ಹೋಗುತ್ತಾಳೆ. ಅಲ್ಲಿಯ ಸೀನಿಯರ್ ಒಂದು ಹಾಳೆ ಕೊಟ್ಟು, ಊರಾಚೆಯ ಗೋದಾಮಿನಲ್ಲಿರುವ ಸೀಲಿಂಗ್ ಫ್ಯಾನಿನ ಪೆಟ್ಟಿಗೆಗಳನ್ನೆಲ್ಲ ತಾನು ಕಣ್ಣಾರೆ ಎಣಿಸಿದ್ದೇನೆ ಎಂಬಲ್ಲಿ ಸಹಿ ಮಾಡು ಎಂದರು. ಅವಳು ಆ ಗೋದಾಮಿನ ಬಾಗಿಲನ್ನೂ ನೋಡಿರಲಿಲ್ಲ. ಕೇಳೋಣವೆಂದು ಇವನ ಕೋಣೆಗೆ ಬಂದಳು. "ನೀವು ಕೂತ್ಕೋ ಅಂದ್ರಿ. ಊಟ ಆಯ್ತಾ ಅಂದ್ರಿ. ಬಂದು ಕೇಳಿದ್ದು ಒಳ್ಳೇದಾಯ್ತು ಅಂದ್ರಿ. ಯಾರಿಗೆ ಏನು ನಷ್ಟ, ಸೀನಿಯರ್ ನೋಡಿರ್ತಾರೆ, ಇದೊಂದು ಮುಗಿಸಿಬಿಡು ಅಂದ್ರಿ. ನಾನು ಹೋಗಿ ಸಹಿ ಮಾಡಿದೆ." ಮತ್ತೆ ಚೀಲದ ಜಿಪ್ಪು ಹಿಡಿದು, "ನಿನ್ನೆ ಅದನ್ನೇ ಹೇಳಿದೆ, ಸರ್. ನಿಮಗೆ ಗೊತ್ತಾಗಿ ನಿಲ್ಲಿಸ್ತೀರಿ ಅಂದ್ಕೊಂಡಿದ್ದೆ" ಎಂದಳು.

ಅವನು ತನ್ನ ಕೋಣೆಗೆ ಹೋಗಿ ಕದ ಹಾಕಿಕೊಂಡು ಆ ಮಧ್ಯಾಹ್ನವನ್ನು ಹುಡುಕಿದ. ಸಿಕ್ಕಿತು, ಆದರೆ ಬೇರೆ ತುದಿಯಿಂದ. ಅವತ್ತು ಸ್ಟೇಪ್ಲರ್ ಸಿಕ್ಕಿಹಾಕಿಕೊಂಡಿತ್ತು. ಒಂದು ಸೊಟ್ಟ ಪಿನ್ನು ಅದರ ಬಾಯಲ್ಲಿ ಕಚ್ಚಿಕೊಂಡು, ಕೀಲಿಕೈಯ ತುದಿಯಿಂದ ಎಷ್ಟು ಮೀಟಿದರೂ ಬರದೆ, ಕೊನೆಗೆ ಟಣ್ಣನೆ ಹಾರಿ ಕಿಟಕಿಯ ಗಾಜಿಗೆ ಬಡಿದದ್ದು, ಅವನಿಗೆ ಆದ ಸಣ್ಣ ಖುಷಿ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಎದುರಿನ ಕುರ್ಚಿಯಲ್ಲಿ ಯಾರೋ ಇದ್ದರು. ಹೌದು, ಇದ್ದರು. ಒಂದು ದುಪಟ್ಟಾದ ಅಂಚು, ಮಂಡಿಯ ಮೇಲಿಟ್ಟ ಎರಡು ಕೈ. ಮುಖ ಮಾತ್ರ ಬರಲಿಲ್ಲ. ಆ ಆಫೀಸಿನಲ್ಲಿ ತರಬೇತಿಯ ಜಾಗ ಗಿಟ್ಟಿಸಲು ಅವನೇ ಹೋಗಿ ಹಲ್ಲುಗಿಂಜಿ ಬಂದಿದ್ದ. ಅವರಿಗೆ ಬೇಸರವಾದರೆ ಮುಂದಿನ ವರ್ಷ ಯಾರನ್ನೂ ಕರೆಯಲಿಕ್ಕಿಲ್ಲ ಎಂಬ ಅಳುಕು ಅವತ್ತು ಪಿನ್ನು ಮೀಟುವಾಗ ಬೆರಳಲ್ಲಿ ಇದ್ದಿರಬೇಕು. ಆದರೆ ಅವನು ತನ್ನೊಳಗೆ ಎಷ್ಟು ಕೆದಕಿದರೂ ಆ ಹುಡುಗಿಯನ್ನು ವಂಚಿಸುವ ಉದ್ದೇಶ ಸಿಗಲಿಲ್ಲ. ಸಿಕ್ಕಿದ್ದು ಬರೀ ಅಕ್ಕರೆ. ಅದೇ ಅವನಿಗೆ ದಿಗಿಲಾದದ್ದು. ಅಕ್ಕರೆ ನಿಜವಾದದ್ದೇ, ಊಟ ಆಯ್ತಾ ಎಂದದ್ದು ಊಟದ ಬಗ್ಗೆಯೇ.

ಗೋದಾಮಿಗೆ ಹೋದದ್ದು ಯಾಕೆಂದು ಅವನಿಗೇ ಸರಿಯಾಗಿ ತಿಳಿಯದು. ಅವಳಿಂದ ವಿಳಾಸ ಕೇಳಿದಾಗ ಹೇಳಿದಳು. ತಾನು ಸಹಿ ಮಾಡಿದ ಸಂಖ್ಯೆಯನ್ನೂ ಕೇಳದೆಯೇ ಹೇಳಿದಳು, ಬಾಯಿಪಾಠದ ಹಾಗೆ. ಶನಿವಾರ ಬಸ್ಸು ಹಿಡಿದು ಕೊನೆಯ ನಿಲ್ದಾಣದಲ್ಲಿಳಿದು, ಟೈರಿನ ಅಂಗಡಿಗಳನ್ನು ದಾಟಿ, ತಗಡಿನ ಛಾವಣಿಯ ಉದ್ದನೆ ಕಟ್ಟಡದ ಮುಂದೆ ನಿಂತ. ಚಳಿ ಇನ್ನೂ ಬಿಟ್ಟಿರಲಿಲ್ಲ. ಮಫ್ಲರ್ ಸುತ್ತಿಕೊಂಡು ಮೂಗು ಸೇದುತ್ತಿದ್ದ ಗೋದಾಮಿನ ಕಾವಲುಗಾರ "ಯಾರು ಬೇಕಿತ್ತು?" ಎಂದ. ಇವನು ಬಾಯಿ ತೆರೆದ; "ಫ್ಯಾನ್ ಎಣಿಸೋಕೆ" ಎಂದಷ್ಟೇ ಬಂತು. ಕಾವಲುಗಾರನ ಮುಖ ದೀಪ ಹಚ್ಚಿದ ಹಾಗಾಯಿತು.

"ಬಂದ್ರಾ ಅಂತೂ! ಬನ್ನಿ ಬನ್ನಿ. ಪ್ರತಿ ಸಲ ಬರ್ತೀವಿ ಅಂತ ಫೋನ್ ಮಾಡ್ತಾರೆ, ನಾನು ಪೂರ್ತಿ ಗುಡಿಸಿ ಇಟ್ಟಿರ್ತೀನಿ, ಒಬ್ಬರೂ ಬರಲ್ಲ. ಹೋದ ಸಲ ಬಿಸ್ಕತ್ತು ಬೇರೆ ತಂದಿಟ್ಟಿದ್ದೆ. ನಾನೇ ತಿಂದೆ."

"ಆಮೇಲೆ ಮಾಲು ಹೊರಗೆ ಹೋಗಿದೆಯಾ?"

"ಈ ಚಳೀಲಿ ಫ್ಯಾನ್ ಯಾರು ತಗೋತಾರೆ, ಸ್ವಾಮಿ? ಒಂದು ಪೆಟ್ಟಿಗೆ ಕದಲಿಲ್ಲ."

ಒಳಗೆ ರಟ್ಟಿನ ವಾಸನೆ. ಛಾವಣಿಯಲ್ಲಿ ಅಲ್ಲಲ್ಲಿ ಕೂರಿಸಿದ ಮಬ್ಬು ಗಾಜಿನಿಂದ ಬೆಳಕು ಚೌಕಚೌಕವಾಗಿ ಬಿದ್ದಿತ್ತು. ಅವನು ಎಣಿಸಲು ಶುರುಮಾಡಿದ. ಸಾಲು ಗುಣಿಸು ಎತ್ತರ ಎಂದು ಜಾಣತನ ಮಾಡಲು ಹೋಗಿ, ಹಿಂದೆ ಟೊಳ್ಳಿದ್ದರೆ ಎಂದು ಅನುಮಾನ ಬಂದು, ಏಣಿ ಹತ್ತಿ ಇಣುಕಿ, ಲೆಕ್ಕ ತಪ್ಪಿ, ಮತ್ತೆ ಮೊದಲಿಂದ. ಪೆಟ್ಟಿಗೆಗಳನ್ನು ಬೆರಳಿಂದ ಮುಟ್ಟುತ್ತ, ತುಟಿ ಅಲ್ಲಾಡಿಸುತ್ತ, ಕಾವಲುಗಾರ ನಡುವೆ ಏನೋ ಕೇಳಿದರೆ ಕೈಯೆತ್ತಿ ತಡೆಯುತ್ತ. ಎಷ್ಟು ವರ್ಷವಾಗಿತ್ತು ಒಂದು ವಸ್ತುವನ್ನು ಎಣಿಸಿ! ಶಾಲೆಯಲ್ಲಿ ಗೋಲಿ ಎಣಿಸುವಾಗ ಎರಡೆರಡಾಗಿ ಜಾರಿಸುತ್ತಿದ್ದ; ಅಣ್ಣ ಅನುಮಾನದಿಂದ ಮತ್ತೆ ಎಣಿಸುತ್ತಿದ್ದ. ಅಣ್ಣನಿಗೆ ಇವನ ಮೇಲೆ ಸಿಟ್ಟೇನೂ ಇರಲಿಲ್ಲ, ಎಣಿಸುತ್ತಿದ್ದ ಅಷ್ಟೆ. ಬೆರಳ ತುದಿ ಧೂಳಿನಿಂದ ಕಪ್ಪಾಯಿತು, ಸೊಂಟ ಹಿಡಿದುಕೊಂಡಿತು, ಬೆಳಕಿನ ಚೌಕಗಳು ನೆಲ ಬಿಟ್ಟು ಗೋಡೆ ಹತ್ತಿದವು. ಕೊನೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟಾಗ ಬಾಯಿಗೆ ಬಂದ ಸಂಖ್ಯೆ ಹುಡುಗಿ ಹೇಳಿದ್ದೇ ಆಗಿತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಅವನು ಏಣಿಯ ಬುಡದಲ್ಲಿ ಕುಕ್ಕರಿಸಿ ಒಬ್ಬನೇ ನಕ್ಕ. ಕಾವಲುಗಾರನೂ ನಕ್ಕ, ಕಾರಣ ಗೊತ್ತಿಲ್ಲದೆ.

ಸೋಮವಾರ ಕಾಲೇಜಿನ ಗೇಟಿನಲ್ಲೇ ಅವಳನ್ನು ಹಿಡಿದು, ಪರೀಕ್ಷೆ ಪಾಸಾದ ಹುಡುಗನ ಹಾಗೆ, "ಎಲ್ಲ ಇದೆ ಕಣಮ್ಮ! ನಾನೇ ಎಣಿಸಿ ಬಂದೆ. ನೀನು ಬರೆದದ್ದು ಸರಿಯಾಗೇ ಇದೆ" ಎಂದ.

ಅವಳು ಸಂತೋಷಪಡಲಿಲ್ಲ. ಬೇಸರವನ್ನೂ ಪಡಲಿಲ್ಲ. "ಪೆಟ್ಟಿಗೆ ಇದೆ ಅಂತ ನಾನು ಬರೆದಿದ್ರೆ ಸರಿ, ಸರ್" ಎಂದಳು. "ನಾನು ಬರೆದದ್ದು ಎಣಿಸಿದೆ ಅಂತ."

ಅವರಿಬ್ಬರನ್ನು ಸುತ್ತಿ ಹಾಯ್ದು ವಿದ್ಯಾರ್ಥಿಗಳು ಒಳಗೆ ಹೋಗುತ್ತಿದ್ದರು. ಅವನು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಇಷ್ಟು ದಿನ ಮೆಟ್ಟಿಲು ಹತ್ತಿಸಿ ಇಳಿಸಿದವನಿಗೆ ಈ ಒಂದು ವಾಕ್ಯ ಹೊಳೆದಿರಲಿಲ್ಲ. ಅವಳು ಮತ್ತೆ ಮಾತಾಡಿದಳು. ಈ ತಿಂಗಳ ಎಣಿಕೆ ಬರುವ ಶನಿವಾರವೇ, ಅದೇ ಗೋದಾಮು, ಸೀನಿಯರ್ ಮತ್ತೆ ಅವಳಿಗೇ ಹಾಳೆ ಕೊಡುತ್ತಾರೆ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಖಾಯಂ ಮಾಡುವ ಮಾತೂ ಆಡಿದ್ದಾರೆ. "ಇನ್ನೊಂದು ಸಲ ಆ ಆಟ ಆಡೋಣವಾ, ಸರ್? ಈ ಸಲ ನೀವು ಮೇಲಧಿಕಾರಿ. ನನಗೆ ಇಲ್ಲ ಅನ್ನೋಕೆ ಬರುತ್ತಾ ನೋಡಬೇಕು. ದಯವಿಟ್ಟು ಸುಮ್ಮನೆ ಬಿಟ್ಟುಕೊಡಬೇಡಿ."

ಅವತ್ತಿನ ತರಗತಿಯಲ್ಲಿ ಅವನು ಬಿಟ್ಟುಕೊಡಲಿಲ್ಲ. ತಿರುಗುಕುರ್ಚಿಯಲ್ಲಿ ಕೂತ ಕೂಡಲೇ, ಗೊತ್ತಿರುವ ಮನೆಯಲ್ಲಿ ಕತ್ತಲಲ್ಲೂ ಕೈ ಸ್ವಿಚ್ಚಿಗೆ ಹೋಗುವ ಹಾಗೆ, ದನಿ ತಾನಾಗಿ ಇಳಿಯಿತು. ಅವಳ ಓದಿನ ಬಗ್ಗೆ ಕೇಳಿದ. ಅವಳ ಅಕ್ಷರ ಎಷ್ಟು ದುಂಡಗಿದೆ ಎಂದ, ನಿಜವಾಗಿಯೂ ದುಂಡಗಿತ್ತು. ತನ್ನ ಕೈಕೆಳಗೆ ಬಂದವರಲ್ಲಿ ಇಷ್ಟು ಶ್ರದ್ಧೆ ಕಂಡಿಲ್ಲ ಎಂದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳ ಭುಜ ಸಡಿಲಾಗುವುದನ್ನು ಕಂಡು ಅವನಿಗೆ ಒಳಗೊಳಗೇ ಗೆಲುವಿನ ಕಚಗುಳಿಯಾಯಿತು, ಮತ್ತು ಆ ಕಚಗುಳಿಯನ್ನು ಅವನು ಬೆರಗಿನಿಂದ ನೋಡಿದ: ಇಗೋ, ಇಲ್ಲಿದೆ ಇದು, ಇಷ್ಟು ದಿನ ಇದನ್ನೇ ಅಕ್ಕರೆ ಅಂದುಕೊಂಡಿದ್ದೆ, ಅಲ್ಲ, ಅಕ್ಕರೆಯೂ ಇದೆ, ಎರಡೂ ಒಂದೇ ಲೋಟದ ನೀರು. ನಿಲ್ಲಿಸಲೇ ಎನಿಸಿತು. ನಿಲ್ಲಿಸಿದರೆ ಅವಳ ಇಲ್ಲಕ್ಕೆ ಬೆಲೆಯಿಲ್ಲ. ತರಗತಿ ಉಸಿರು ಬಿಗಿಹಿಡಿದಿತ್ತು. ಅವನು ಇನ್ನಷ್ಟು ಮುಂದಕ್ಕೆ ಬಾಗಿದ.

"ನೋಡಮ್ಮ, ನಿನಗೆ ಸಂಶಯ ಇರಬಾರದು ಅಂತ ನಾನೇ ಗೋದಾಮಿಗೆ ಹೋಗಿದ್ದೆ. ಒಂದೊಂದು ಪೆಟ್ಟಿಗೆ ಮುಟ್ಟಿ ಎಣಿಸಿದ್ದೀನಿ. ಎಲ್ಲ ಸರಿ ಇದೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

ಅವಳ ಕಿವಿಯ ತುದಿ ಕೆಂಪಾಯಿತು. ಆಮೇಲೆ, ಎಂದಿನ ಕೇಳಿಸದ ದನಿಯಲ್ಲೇ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ, "ನಂಬಿಕೆ ಇದೆ ಸರ್. ಹಾಗಾದ್ರೆ ನೀವೇ ಸಹಿ ಮಾಡಿ. ಎಣಿಸಿದ್ದು ನೀವಲ್ವಾ?" ಎಂದಳು.

ತರಗತಿ ಹೋ ಎಂದಿತು. ಯಾರೋ ಬೆಂಚು ಬಡಿದರು. ಅವನು ತಿರುಗುಕುರ್ಚಿಯಿಂದ ಎದ್ದುಬಿಟ್ಟ. ಸೋತು ಇಷ್ಟು ಹಗುರವಾದದ್ದು ಅವನಿಗೆ ಜೀವನದಲ್ಲೇ ನೆನಪಿಲ್ಲ. ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತು, "ಆ ಆಫೀಸಲ್ಲಿ ಯಾರೂ ನಗಲ್ಲ, ಸರ್" ಎಂದಳು. "ಇಲ್ಲ, ನಗಲ್ಲ" ಎಂದ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ತಡೆದ.

ಎರಡು ದಿನ ಅವಳು ಕಾಲೇಜಿಗೆ ಬರಲಿಲ್ಲ. ಗುರುವಾರ ಬಂದವಳು ತರಗತಿಗೆ ಮುಂಚೆಯೇ ಅವನ ಕೋಣೆಗೆ ಬಂದು ನಿಂತಳು. ಅವನೂ ಎದ್ದು ನಿಂತ.

"ಹೇಳಿದೆ, ಸರ್. ಆ ಸೀನಿಯರ್ ನಿಮಗಿಂತ ಚೆನ್ನಾಗಿ ಮಾತಾಡ್ತಾರೆ. ಕಾಫಿ ತರಿಸಿದ್ರು. ಕಾಫಿ ಕುಡಿದು ಇಲ್ಲ ಅಂದೆ. ಗೋದಾಮಿಗೆ ಕಳಿಸಿ, ಎಣಿಸಿ ಸಹಿ ಮಾಡ್ತೀನಿ ಅಂದೆ. ಹೋದ ತಿಂಗಳದ್ದು ಎಣಿಸಿರಲಿಲ್ಲ ಅಂತಾನೂ ಹೇಳಿಬಿಟ್ಟೆ."

"ಏನಂದ್ರು?"

"ಬೈಲಿಲ್ಲ. ಪರವಾಗಿಲ್ಲ ಬಿಡಮ್ಮ, ನಿನಗ್ಯಾಕೆ ತೊಂದರೆ ಅಂದ್ರು. ಸಂಜೆ ಹೊತ್ತಿಗೆ ಆ ಕೆಲಸ ಇನ್ನೊಬ್ಬರಿಗೆ ಕೊಟ್ರು. ನನ್ನನ್ನ ಟಪಾಲು ವಿಂಗಡಿಸೋಕೆ ಹಾಕಿದ್ದಾರೆ."

"ಕೆಲಸ ಖಾಯಂ ಅಂದಿದ್ರಲ್ಲ?"

"ಆ ಮಾತು ಎತ್ತಲಿಲ್ಲ."

"ಯಾರಿಗೆ ಕೊಟ್ರು?"

"ನಮ್ಮ ಕ್ಲಾಸಿನವರೇ. ಯಾರು ಅಂತ ನಾನು ಹೇಳೋದು ಸರಿಯಲ್ಲ, ಸರ್."

ಅವನು ಮೇಜಿನ ಮೇಲಿನ ಫೋನನ್ನು ನೋಡಿದ. ಆ ಆಫೀಸಿಗೆ ಫೋನು ಮಾಡಬಹುದು. ಸೀನಿಯರ್ ತನಗೂ ಊಟ ಆಯ್ತಾ ಎನ್ನುತ್ತಾರೆ, ತಾನು ಆಯ್ತು ಎನ್ನುತ್ತೇನೆ, ಇಬ್ಬರು ಒಳ್ಳೆಯವರು ಒಂದು ಗಂಟೆ ಮಾತಾಡಿ ಫೋನು ಇಡುತ್ತೇವೆ. ಹಾಗೆಯೇ ಬಿಟ್ಟರೆ ಮುಂದಿನ ವರ್ಷದ ಜಾಗಗಳೂ ಭದ್ರ, ಮುಖ್ಯಸ್ಥೆಯೂ ಸುಮ್ಮನಿರುತ್ತಾರೆ. ಗಂಟೆ ಹೊಡೆಯಿತು. ಅವನು ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ತರಗತಿಗೆ ನಡೆದ.

ಒಳಗೆ ಹೋಗಿ ಎದುರು ನಿಂತಾಗ ಮುಖಗಳೆಲ್ಲ ಅವನ ಕಡೆ ತಿರುಗಿದವು. ಇದರಲ್ಲಿ ಯಾರು? ಪೆನ್ನು ಕಚ್ಚುತ್ತಿರುವವನೋ, ತಲೆ ತಗ್ಗಿಸಿ ದಿನಾಂಕ ಬರೆಯುತ್ತಿರುವವಳೋ, ಮೊನ್ನೆ ಬೆಂಚು ಬಡಿದು ನಕ್ಕವರೋ? ಒಬ್ಬೊಬ್ಬರ ಮುಖವನ್ನೂ ಅವನು ಮೊದಲ ಸಲವೆಂಬಂತೆ ನೋಡಿದ. ಎಲ್ಲ ಮುಖಗಳೂ ಆಗಿರಬಹುದಾದ ಮುಖಗಳೇ.

"ಇವತ್ತು ಆಟ ಇಲ್ಲ" ಎಂದ. "ನಿಮ್ಮಲ್ಲಿ ಒಬ್ಬರಿಗೆ ಶನಿವಾರ ಒಂದು ಗೋದಾಮಿನ ಮಾಲು ಎಣಿಸಿದ್ದೀನಿ ಅಂತ ಸಹಿ ಮಾಡೋ ಕೆಲಸ ಬಂದಿದೆಯಂತೆ. ಯಾರು ಅಂತ ನನಗೆ ಗೊತ್ತಿಲ್ಲ. ಸಹಿ ಮಾಡು ಅಂತಲೋ ಬೇಡ ಅಂತಲೋ ಒಪ್ಪಿಸೋಕೆ ನಾನು ಬಂದಿಲ್ಲ; ಒಪ್ಪಿಸೋ ಕೆಲಸ ಬಹಳ ಮಾಡಿದ್ದೀನಿ. ಆ ಜಾಗ ನನಗೆ ಗೊತ್ತು. ಕೊನೇ ಸ್ಟಾಪಲ್ಲಿ ಇಳೀಬೇಕು. ಒಳಗೆ ಧೂಳು, ಹಳೇ ಬಟ್ಟೆ ಹಾಕ್ಕೊಳ್ಳಿ. ಒಬ್ಬರೇ ಎಣಿಸಿದ್ರೆ ಲೆಕ್ಕ ತಪ್ಪುತ್ತೆ, ನನಗೆ ತಪ್ಪಿತ್ತು. ಇಬ್ಬರಾದ್ರೆ ಸಂಜೆಯೊಳಗೆ ಮುಗಿಯುತ್ತೆ. ನಾನು ಬಸ್ ಸ್ಟಾಪಲ್ಲಿ ಇರ್ತೀನಿ."

ಪಿಸುಮಾತು ತನ್ನ ಬೆಂಚಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವನು ಕಾಯುವುದು ಸರಿಯಲ್ಲವೆನಿಸಿ, ಕಾಯುವುದೂ ಒಂದು ಬಗೆಯ ಲೋಟ ನೂಕುವುದೇ ಎನಿಸಿ, ಬೋರ್ಡಿನ ಕಡೆ ತಿರುಗಿ ಚಾಕ್‌ಪೀಸು ಕೈಗೆತ್ತಿಕೊಂಡ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಬೆನ್ನ ಹಿಂದೆ, ಮಧ್ಯದ ಸಾಲಿನಲ್ಲೆಲ್ಲೋ, ಯಾರೋ ಗಂಟಲು ಸರಿಮಾಡಿಕೊಂಡರು.

"ಎಷ್ಟು ಹೊತ್ತಿಗೆ, ಸರ್?"

ತಿರುಗಿ ನೋಡಬೇಕೆಂಬ ಆಸೆ ಕುತ್ತಿಗೆಯವರೆಗೂ ಬಂತು. ಅವನು ತಿರುಗಲಿಲ್ಲ.

"ಒಂಬತ್ತಕ್ಕೆ" ಎಂದ, ಬೋರ್ಡಿಗೆ ಹೇಳಿದ ಹಾಗೆ.